ಬೆನ್ನಿನ ಅಳತೆಯ ಹಲಗೆ

ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹೊಲ ಇನ್ನೂ ಶುರುವಾಗದ ಕಡೆ, ಒಂದು ಮಾಳಿಗೆ ಮನೆಯಿದೆ. ಅಂಗಳದಲ್ಲಿ ರಬಕವಿಯ ಬಟ್ಟೆ ವ್ಯಾಪಾರಿಯೊಬ್ಬರ ಲಾರಿ ನಿಂತಿದೆ. ಹೊತ್ತು ಇನ್ನೂ ಮೂಡಿಲ್ಲ. ಪಕ್ಕದ ದೊಡ್ಡಿಯಲ್ಲಿ ಕುರಿಗಳು ಎದ್ದು ಮೈ ಕೊಡವುತ್ತಿವೆ. ಲಾರಿಯ ಕೆಳಗಿನಿಂದ ಎರಡು ಪಾದಗಳು ಮಾತ್ರ ಹೊರಗೆ ಕಾಣುತ್ತವೆ. ಹಿಮ್ಮಡಿ ನೆಲಕ್ಕೆ ಒತ್ತುತ್ತದೆ, ಪಾದ ಒಂದು ಗೇಣು ಒಳಗೆ ಸರಿಯುತ್ತದೆ.

"ಹುಟ್ಟು ಕೊಡು" ಎಂದು ಒಳಗಿನಿಂದ ದನಿ ಬರುತ್ತದೆ.

ಯಲ್ಲಕ್ಕ ಬೋಲ್ಟು ತಿರುಗಿಸುವ ಉದ್ದ ಹಿಡಿಕೆಯ ಪಾನಾ ಒಂದನ್ನು ಬಗ್ಗಿ ಒಳಗೆ ದಾಟಿಸುತ್ತಾಳೆ. ಗಂಡನ ಪಾನಾಗಳಿಗೆಲ್ಲ ಅವಳೇ ಹೆಸರಿಟ್ಟಿದ್ದಾಳೆ. ಉದ್ದನೆಯದು ಹುಟ್ಟು, ಬಾಗಿದ್ದು ಕುಡುಗೋಲು, ಎಲ್ಲಕ್ಕಿಂತ ಚಿಕ್ಕದು ಮೂಗುತಿ. ನಂಬರು ಹೇಳಿದರೆ ಅವಳಿಗೆ ತಿಳಿಯದು. ಮೂಗುತಿ ಎಂದರೆ ಕತ್ತಲೆಯಲ್ಲೂ ತಪ್ಪದೆ ಕೈಗೆ ಕೊಡುತ್ತಾಳೆ.

ಒಳಗಿರುವವನು ಅಮಸಿದ್ದಪ್ಪ. ವಯಸ್ಸು ನಲವತ್ತಾರು. ಬೀಳಗಿಯಿಂದ ಬನಹಟ್ಟಿಯವರೆಗೆ ಓಡುವ ಬಸ್ಸು, ಲಾರಿಗಳಲ್ಲಿ ಅವನ ಕೈ ಆಡದೆ ಇರುವವು ಕಡಿಮೆ. ಆದರೂ ಸಂತೆಯಲ್ಲಿ ಅವನನ್ನು ಗುರುತು ಹಿಡಿಯುವವರು ಇಲ್ಲ. ಗಾಡಿಯ ಕೆಳಗೆ ದುಡಿಯುವವನ ಮುಖವನ್ನು ಯಾರು ನೋಡಿರುತ್ತಾರೆ?

ಈ ಹೊತ್ತು ಅವನು ಜೋಡಿಸುತ್ತಿರುವುದು ಲಾರಿಯ ಗೇರ್‌ಬಾಕ್ಸು. ಅದರ ಜೊತೆಗೆ ಇನ್ನೊಂದು ಸಂಗತಿಯೂ ಇವತ್ತೇ ತೀರ್ಮಾನವಾಗಬೇಕಿದೆ. ಮಿರಜದ ಗ್ಯಾರೇಜೊಂದರಲ್ಲಿ ಅವನಿಗೆ ಮೇಜಿನ ಮುಂದೆ ಕುಳಿತು ಸಣ್ಣ ಭಾಗಗಳನ್ನು ತೊಳೆಯುವ ಕೆಲಸ ಕಾದಿದೆ. ಬೆನ್ನು ಈ ಕೆಲಸವನ್ನು ತಾಳಿಕೊಂಡರೆ ಅವನು ಮನೆಯಲ್ಲಿ ಉಳಿಯುತ್ತಾನೆ. ತಾಳದಿದ್ದರೆ ಸೋಮವಾರ ಮಿರಜಕ್ಕೆ ಹೋಗುತ್ತಾನೆ. ಆಮೇಲೆ ಗಾಡಿಯ ಕೆಳಗೆ ಹೋಗುವುದು ಮುಗಿದಂತೆ.

ಅಮಸಿದ್ದಪ್ಪನದು ಬೀರಪ್ಪನ ಒಕ್ಕಲಿನ ಕುರುಬರ ಮನೆತನ. ಹುಡುಗನಾಗಿದ್ದಾಗ ಕುರಿ ಹಿಂದೆ ಹೋದವನು ಒಬ್ಬ ಸರದಾರರ ಕೆಟ್ಟು ನಿಂತ ಮೋಟಾರನ್ನು ದೂಡಲು ಹೋಗಿ, ಅದರ ಹಿಂದೆಯೇ ಅವರ ವಾಡೆಯವರೆಗೆ ನಡೆದ. ಅಲ್ಲಿನ ಗ್ಯಾರೇಜಿನಲ್ಲಿ ಕೆಲಸ ಕಲಿತು ಇಪ್ಪತ್ತೈದು ವರ್ಷ ದುಡಿದ. ಅಲ್ಲಿ ಸಿಮೆಂಟಿನ ನೆಲವಿತ್ತು. ಅಂಗಾತ ಮಲಗಿ ಗಾಡಿಯ ಕೆಳಗೆ ಜಾರಲು ನಾಲ್ಕು ಗಾಲಿಯ ಹಲಗೆಯಿತ್ತು. ಸ್ವಾತಂತ್ರ್ಯದ ಮರುವರ್ಷ ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದಾಗ ಸರದಾರರು ಮೋಟಾರುಗಳನ್ನು ಮಾರಿದರು, ಹಲಗೆಯೂ ಅವುಗಳ ಜೊತೆ ಹೋಯಿತು. ಅಮಸಿದ್ದಪ್ಪ ಆರು ಪಾನಾ ಹಿಡಿದುಕೊಂಡು ಮನೆಗೆ ಬಂದ.

ಮನೆಯ ಅಂಗಳದ್ದು ಎರೆ ಮಣ್ಣು. ಆರು ವರ್ಷ ಅವನು ಗೋಣಿತಟ್ಟು ಹಾಸಿಕೊಂಡು ಅದರ ಮೇಲೆ ಮಲಗಿ ದುಡಿದ. ತಿಂಗಳಿಗೆ ಎಂಟು ಗಾಡಿ, ದಿನಕ್ಕೆ ಐದು ತಾಸು ನೆಲದ ಮೇಲೆ. ಮಳೆಗಾಲದಲ್ಲಿ ಮಣ್ಣು ಬೆನ್ನಿಗೆ ಮೆತ್ತುತ್ತಿತ್ತು, ಚಳಿಗಾಲದಲ್ಲಿ ಥಂಡಿ ಬೆನ್ನೊಳಗೆ ಇಳಿಯುತ್ತಿತ್ತು. ಹೋದ ದೀಪಾವಳಿಯ ಮರುವಾರ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲು ಆಗಲಿಲ್ಲ. ಡಾಕ್ಟರು ಬಂದು ನೋಡಿ, ಇನ್ನೊಂದು ಚಳಿಗಾಲ ನೆಲದ ಮೇಲೆ ಮಲಗಿದರೆ ಆಮೇಲೆ ಏಳಿಸುವುದು ತಮ್ಮಿಂದ ಆಗುವುದಿಲ್ಲ ಎಂದು ಹೇಳಿ ಹೋದರು.

"ಮಿರಜಿಗೆ ಹೋಗ್ರಿ. ಕುರಿ ನಾ ನೋಡ್ಕೊಂತೀನಿ" ಎಂದಳು ಯಲ್ಲಕ್ಕ.

"ಕುಂತ ತೊಳಿಯೂದಕ್ಕ ನಾನ್ಯಾಕ ಬೇಕು? ಗೇರ ಎಲ್ಲಿ ಕಚ್ಚತೈತಿ ಅಂತ ಬೆರಳಿಗೆ ಗೊತ್ತಾಗಬೇಕಂದ್ರ ಕೆಳಗ ಹೋಗಬೇಕು."

"ಹಂಗಾರ ನೆಲಾ ಬಿಟ್ಟ ಕೆಳಗ ಹೋಗೂ ದಾರಿ ಹುಡುಕ್ರಿ."

ದಾರಿ ಎಂದರೆ ಗಾಲಿಯ ಹಲಗೆ. ಮಿರಜದಲ್ಲೇ ಮುಚ್ಚಿಹೋದ ಬೇರೊಂದು ಗ್ಯಾರೇಜಿನ ಹಳೆಯ ಹಲಗೆ ಸಿಕ್ಕಿತು. ವಾಡೆಯಲ್ಲಿದ್ದಂಥದ್ದೇ ಎಂದು ಅವನು ಎರಡನೇ ಸಲ ನೋಡದೆ ಬಸ್ಸಿನ ಮೇಲೆ ಹೇರಿಕೊಂಡು ಬಂದ. ಅಂಗಳದಲ್ಲಿ ಇಟ್ಟು ಮೈ ಚೆಲ್ಲಿದ ಕೂಡಲೇ ಸಣ್ಣ ಕಬ್ಬಿಣದ ಗಾಲಿಗಳು ನಾಲ್ಕೂ ಎರೆ ಮಣ್ಣಿನಲ್ಲಿ ಹೂತವು. ಒಂದು ವಾರ ಅಂಗಳಕ್ಕೆ ಪರಸಿಕಲ್ಲು ಹಾಸಿದ. ಹಲಗೆ ಉರುಳಿತು, ಕಲ್ಲಿನ ಸಂದು ಬಂದಲ್ಲೆಲ್ಲ ನಿಂತಿತು. ಅದರ ಎತ್ತರವೂ ನಾಲ್ಕು ಬೆರಳು ಹೆಚ್ಚು. ಸರದಾರರ ಮೋಟಾರನ್ನು ಕಟ್ಟೆಯ ಮೇಲೆ ಏರಿಸಿ ನಿಲ್ಲಿಸುತ್ತಿದ್ದರು ಎಂಬುದು ಅವನಿಗೆ ಮರೆತೇ ಹೋಗಿತ್ತು. ಇಲ್ಲಿ ಎದೆಯ ಮೇಲೆ ಪಾನಾ ತಿರುಗಿಸಲು ಜಾಗ ಉಳಿಯಲಿಲ್ಲ.

ಹಲಗೆ ಬೆನ್ನಿಗೆ ಒತ್ತುತ್ತದೆ ಎಂದು ಯಲ್ಲಕ್ಕ ಹರಿದ ಕಂಬಳಿಯೊಂದನ್ನು ಮಡಿಚಿ ಮೇಲೆ ಹಾಸಿದಳು. ಕುರುಬರ ಮನೆಯಲ್ಲಿ ಮೆತ್ತಗಿನದು ಬೇಕೆಂದರೆ ಕೈ ಮೊದಲು ಹೋಗುವುದು ಕಂಬಳಿಯ ಕಡೆಗೇ. ಆಗ ಸಣ್ಣ ರಿಪೇರಿಗೆ ಬಂದಿದ್ದ ಇದೇ ರಬಕವಿಯ ಲಾರಿಯ ಕೆಳಗೆ ಅವನು ಹಾಯಾಗಿ ನಡುವಿನ ತನಕ ಜಾರಿದ. ಅಲ್ಲಿ ಕಂಬಳಿಯ ಅಂಚಿನ ದಶಿಯೆಳೆ ಎರಡು ಗಾಲಿಗೆ ಸುತ್ತಿಕೊಂಡಿತು. ಮುಂದೆ ಹೋಗಲಾಗದು, ಹಿಂದೆ ಬರಲಾಗದು, ಹೊರಳಲು ಎತ್ತರವಿಲ್ಲ. ಲಾರಿಯ ಡ್ರೈವರ್ ಗಂಗಾರಾಮ ಒಂದು ಕಾಲು, ಯಲ್ಲಕ್ಕ ಒಂದು ಕಾಲು ಹಿಡಿದು ಎಳೆದರು. ಒಳಗಿನಿಂದ ಬೈಗುಳದ ಸುರಿಮಳೆ.

"ಕುರಿ ಈಯೂವಾಗ ಅಡ್ಡ ಸಿಕ್ಕ ಮರಿ ಎಷ್ಟ ಎಳದೇನಿ" ಎಂದಳು ಯಲ್ಲಕ್ಕ. "ಇಷ್ಟ ಬೈಯೂ ಮರಿ ಇದ ಮೊದಲನೇದು."

ನಗು ತಡೆದುಕೊಂಡು ಗಂಗಾರಾಮ ಒಂದು ದಾರಿ ತೋರಿಸಿದ. "ಅಣ್ಣಾ, ನಮ್ಮ ಬನಹಟ್ಟಿಯಾಗ ಮೋನಪ್ಪ ಬಡಿಗೇರ ಅಂತ ಅದಾನ. ಮಗ್ಗಾ ಮಾಡಾಂವ. ಮನಷ್ಯಾನ ನೋಡಿ ಕಟಗಿ ಕೊಯ್ತಾನ. ಒಮ್ಮೆ ಹೋಗಿ ಬಾ."

ಮೋನಪ್ಪನಿಗೆ ಅರವತ್ತು ದಾಟಿದೆ. ಕುಣಿ ಮಗ್ಗದ ನೇಕಾರ ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ದಿನವೆಲ್ಲ ಕುಳಿತಿರಬೇಕು. ಕೂರುವ ಹಲಗೆ ಎರಡು ಬೆರಳು ಹೆಚ್ಚು ಕಡಿಮೆಯಾದರೂ ಸೊಂಟ ಹಿಡಿಯುತ್ತದೆ. ಆದ್ದರಿಂದ ಮೋನಪ್ಪ ನೇಕಾರನನ್ನು ಎದುರಿಗೆ ಕೂರಿಸಿ, ಬರಿಗೈಯಲ್ಲಿ ಲಾಳಿ ಎಸೆಯುವಂತೆ ಆಡಿಸಿ, ಆಮೇಲೆ ಅಳತೆ ತೆಗೆಯುತ್ತಾನೆ. ಅವನು ತನ್ನ ಜನ್ಮದಲ್ಲಿ ಲಾರಿಯ ಕೆಳಗೆ ಬಗ್ಗಿ ನೋಡಿದವನಲ್ಲ.

"ಅಡ್ಡ ಬೀಳು" ಎಂದ, ಮಿರಜದ ಹಲಗೆ ಹೊತ್ತು ಬಂದ ಅಮಸಿದ್ದಪ್ಪನಿಗೆ.

ಅಮಸಿದ್ದಪ್ಪ ನೆಲದ ಮೇಲೆ ಅಂಗಾತ ಬಿದ್ದ.

"ಈಗ ಕೆಲಸಾ ಮಾಡು."

"ಇಲ್ಲಿ ಲಾರಿ ಎಲ್ಲೈತ್ರೀ ಕಾಕಾ?"

"ನಿನ್ನ ಕಣ್ಣಾಗ ಇರತೈತಲ್ಲ, ಅದನ್ನ ರಿಪೇರಿ ಮಾಡು."

ಅಮಸಿದ್ದಪ್ಪ ಇಲ್ಲದ ಲಾರಿಯ ಇಲ್ಲದ ಬೋಲ್ಟನ್ನು ಬಿಚ್ಚಿದ, ಬಿಗಿದ, ಬೆವರಿದ. ಮೋನಪ್ಪ ಸುತ್ತ ಓಡಾಡಿ ಮೊಣಕೈ ನೆಲಕ್ಕೆ ತಾಗಿದ ಕಡೆ, ಹಿಮ್ಮಡಿ ಒತ್ತಿದ ಕಡೆ ಸುಣ್ಣದ ಗುರುತು ಹಾಕಿದ. ಕೊನೆಗೆ ಮಿರಜದ ಹಲಗೆಯನ್ನು ತಿರುವಿ ನೋಡಿ ಪಕ್ಕಕ್ಕೆ ಇಟ್ಟ.

"ಇದು ಮಲಗೂ ಮನಷ್ಯಾಗ ಮಾಡಿದ್ದು. ನೀ ಮಲಗಾಂವಲ್ಲ. ಹಲಗಿ ಬೆನ್ನಿನಷ್ಟ ಅಗಲ ಇದ್ರ ಸಾಕು, ಮೊಣಕೈ ಹೊರಗ ಆಡಬೇಕು. ಉದ್ದಾನೂ ಕುಂಡಿ ತನಕಾ ಸಾಕು. ಹಿಮ್ಮಡಿ ನೆಲಾ ಮುಟ್ಟಲಿಲ್ಲಂದ್ರ ನಿನ್ನ ದೂಡಾವರ ಯಾರು?"

ಗಾಲಿಯ ಮಾತಿಗೆ ಇಬ್ಬರೂ ಅರ್ಧ ದಿನ ಜಗ್ಗಾಡಿದರು. ಸಣ್ಣ ಗಾಲಿ ಎಲ್ಲ ಕಡೆ ತಿರುಗುತ್ತದೆ, ಕಲ್ಲಿನ ಸಂದಿನಲ್ಲಿ ನಿಲ್ಲುತ್ತದೆ. ದೊಡ್ಡ ಗಾಲಿ ಸಂದು ದಾಟುತ್ತದೆ, ಹಲಗೆಯನ್ನು ಎತ್ತರಕ್ಕೆ ಒಯ್ಯುತ್ತದೆ. ಮೋನಪ್ಪ ದೊಡ್ಡ ಗಾಲಿಗಳನ್ನು ಹಲಗೆಯ ಹೊರಬದಿಗೆ ತಂದು, ಹಲಗೆಯನ್ನು ಅವುಗಳ ನಡುವೆ ತೊಟ್ಟಿಲಿನಂತೆ ಕೆಳಗೆ ಇಳಿಬಿಟ್ಟ. ಈಗ ಅದು ನೆಲದಿಂದ ಎರಡೇ ಬೆರಳು ಮೇಲೆ. ಆದರೆ ಈ ಗಾಲಿಗಳು ಪಕ್ಕಕ್ಕೆ ತಿರುಗುವುದಿಲ್ಲ, ನೆಟ್ಟಗೆ ಮಾತ್ರ ಹೋಗುತ್ತವೆ.

"ನೋಡಪಾ, ಒಂದ ಬೇಕಂದ್ರ ಒಂದ ಬಿಡಬೇಕು" ಎಂದ ಮೋನಪ್ಪ.

ಅಮಸಿದ್ದಪ್ಪ ಹೇಳಿದ: "ಒಳಗ ಹೋಗೂದು, ಹೊರಗ ಬರೂದು. ನನಗ ಅಷ್ಟ ಸಾಕ್ರೀ. ಪಕ್ಕಕ್ಕ ಹೋಗಬೇಕಂದ್ರ ಹೊರಗ ಬಂದ ಮತ್ತ ಹೋಗತೇನಿ."

ಜಾಲಿಯ ಕಟ್ಟಿಗೆಯ ಗಾಲಿ, ಅದಕ್ಕೆ ಹಳೆಯ ಟೈರಿನ ಪಟ್ಟಿ. ಹಲಗೆಯ ಮೇಲೆ ಏನನ್ನೂ ಹಾಸಿಲ್ಲ. ಮೋನಪ್ಪ ಬೆನ್ನು ಒಪ್ಪಿ ಕೂರುವಂತೆ ನಡುವೆ ತುಸು ಕೆತ್ತಿದ್ದಾನೆ ಅಷ್ಟೆ. ಅದನ್ನು ಮೂರು ದಿನದಲ್ಲಿ ಮುಗಿಸಿ ಗಂಗಾರಾಮನ ಲಾರಿಯಲ್ಲೇ ಕಳಿಸಿಕೊಟ್ಟ. ಆ ಲಾರಿಯೂ ಗೇರು ಹಾಕಿದರೆ ಊರಿಗೆಲ್ಲ ಕೇಳುವಂತೆ ಗರಗಸದ ಸದ್ದು ಮಾಡುತ್ತಲೇ ಅಂಗಳಕ್ಕೆ ಬಂದು ನಿಂತಿತು.

ಇವತ್ತಿಗೆ ನಾಲ್ಕನೆಯ ದಿನ. ಮೊದಲ ದಿನ ಬಿಚ್ಚಿದ್ದಾಯಿತು. ಎರಡು ದಿನ ಹಲ್ಲು ಸವೆದ ಚಕ್ರಗಳನ್ನು ಬದಲಿಸಿದ್ದಾಯಿತು. ಈಗ ಉಳಿದಿರುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಗಂಗಾರಾಮ ಕ್ಯಾಬಿನ್ನಿನ ತೊಲೆಗೆ ಸರಪಳಿ ಹಾಕಿ ಮೇಲಿನಿಂದ ಭಾರ ಹಿಡಿದಿದ್ದಾನೆ. ಕೆಳಗೆ ಅಮಸಿದ್ದಪ್ಪ ಎರಡೂ ಕೈ ಚಾಚಿ ಗೇರ್‌ಬಾಕ್ಸಿನ ಬಾಯಿಯನ್ನು ಇಂಜಿನ್ನಿನ ಬಾಯಿಗೆ ಕೂಡಿಸಬೇಕು. ಕೂದಲೆಳೆ ತಪ್ಪಿದರೆ ಕೂರುವುದಿಲ್ಲ.

"ಇಳಿಸು. ಸಾಕು. ಒಂದ ಕೊಂಡಿ ಎತ್ತು."

ಯಲ್ಲಕ್ಕ ಕುರಿಗಳನ್ನು ಬಿಡಬೇಕಾದ ಹೊತ್ತು ದಾಟಿದೆ. ಅವಳು ಬಿಟ್ಟಿಲ್ಲ. ಲಾರಿಯ ಕೆಳಗಿನ ಪಾದಗಳನ್ನೇ ನೋಡುತ್ತ ನಿಂತಿದ್ದಾಳೆ. ನೋವು ಹತ್ತಿದರೆ ಅವನ ಬಲಗಾಲಿನ ಬೆರಳು ಮಡಚಿಕೊಳ್ಳುತ್ತವೆ, ಬಾಯಿ ಹೇಳದಿದ್ದರೂ. ಅದು ಅವಳಿಗೆ ಮಾತ್ರ ಗೊತ್ತು. ಬೆರಳು ನೆಟ್ಟಗೇ ಇವೆ.

ಟಕ್ ಎಂದು ಕಬ್ಬಿಣ ಕಬ್ಬಿಣಕ್ಕೆ ಕೂತ ಸದ್ದು. ಮುಂದಿನ ತಾಸೆಲ್ಲ ಬೋಲ್ಟು ಬಿಗಿಯುವುದರಲ್ಲಿ ಹೋಗುತ್ತದೆ. ಹಿಮ್ಮಡಿ ಎರಡು ಸಲ ಒತ್ತುತ್ತದೆ, ಅಮಸಿದ್ದಪ್ಪ ಹೊರಗೆ ಬರುತ್ತಾನೆ. ಒಂದು ಕೈ ನೆಲಕ್ಕೆ ಊರಿ ಎದ್ದು ನಿಲ್ಲುತ್ತಾನೆ. ನಿಧಾನವಾಗಿಯೇ, ಆದರೆ ಯಾರ ಕೈಯನ್ನೂ ಹಿಡಿಯದೆ.

"ಬೆನ್ನು?" ಎನ್ನುತ್ತಾಳೆ ಯಲ್ಲಕ್ಕ.

"ಐತಿ ಅಂತ ಗೊತ್ತಾಗತೈತಿ. ಕೆಲಸಕ್ಕ ಇಲ್ಲ ಅನ್ನೂದಿಲ್ಲ. ಮಿರಜಿನಾವರಿಗೆ ಕಾಗದಾ ಬರಸ್ತೇನಿ, ದಾರಿ ನೋಡೂದ ಬ್ಯಾಡ ಅಂತ."

ಅವಳು ದೊಡ್ಡಿಯ ಬಾಗಿಲು ತೆರೆಯಲು ಹೋಗುತ್ತಾಳೆ.

ಗಂಗಾರಾಮ ಲಾರಿ ಚಾಲೂ ಮಾಡಿ ರಸ್ತೆಗೆ ಇಳಿಸುತ್ತಾನೆ. ಅವಸರದಲ್ಲಿ ಹಿಂತಿರುಗಿ ನೋಡುವುದನ್ನೂ ಮರೆಯುತ್ತಾನೆ. ಮುಂದೆ ರಸ್ತೆ ಏರುತ್ತದೆ, ಅಲ್ಲಿ ಗೇರು ಬದಲಿಸದೆ ಯಾವ ಲಾರಿಯೂ ಹತ್ತುವುದಿಲ್ಲ. ಅಮಸಿದ್ದಪ್ಪ ಕೈಯಲ್ಲಿನ ಗ್ರೀಸು ಒರೆಸುವುದನ್ನೂ ನಿಲ್ಲಿಸಿ ಕಿವಿಗೊಟ್ಟಿದ್ದಾನೆ. ಲಾರಿ ಏರು ಹತ್ತಿ ಆಚೆ ಇಳಿದು ಮರೆಯಾಗುತ್ತದೆ.

"ಗೇರ ಬಿದ್ದಿದ್ದು ಕೇಳಿಸ್ತೇನು?" ಎಂದು ಹೆಂಡತಿಯನ್ನು ಕೇಳುತ್ತಾನೆ.

"ಇಲ್ಲಲ್ಲ" ಎನ್ನುತ್ತಾಳೆ ಅವಳು.

"ಕೇಳಿಸಬಾರದು" ಎಂದು ಅಮಸಿದ್ದಪ್ಪ ಕೈ ತೊಳೆಯಲು ಹೋಗುತ್ತಾನೆ.