ಒಂದು ಗೇಣು ಮಣ್ಣು

ಅಕ್ಕಲಕೋಟೆಯ ದೊಡ್ಡವ್ವನ ಮನೆಯ ಮಾಳಿಗೆಯ ಮೇಲೆ ಎಷ್ಟು ದಪ್ಪ ಮಣ್ಣಿತ್ತೆಂದು ನನಗೆ ಇಂಚಿನ ತನಕ ಗೊತ್ತಿದೆ. ಎರಡು ಫೂಟು ಮೂರು ಇಂಚು. ಅಳೆದವಳು ನಾನೇ. ಅದರಲ್ಲಿ ಮೇಲಿನ ಮೂರು ಇಂಚನ್ನು ಹೊತ್ತು ಹಾಕಿದವರಲ್ಲಿಯೂ ನಾನಿದ್ದೆ. ಆದ್ದರಿಂದ ಈ ಸಂಗತಿಯನ್ನು ಅವಸರ ಮಾಡದೆ, ನಡೆದ ಕ್ರಮದಲ್ಲೇ ಬರೆಯಬೇಕು.

ದೊಡ್ಡವ್ವ ನನ್ನ ತಾಯಿಯ ಅಕ್ಕ. ಪೇಟೆಯ ಹಿಂದಿನ ಓಣಿಯಲ್ಲಿ ಅವಳ ಮನೆ. ದೊಡ್ಡಪ್ಪ ಹೊಲ ನೋಡಿಕೊಳ್ಳುತ್ತಿದ್ದರು. ಮನೆ, ಅದರಲ್ಲೂ ಮಾಳಿಗೆ, ದೊಡ್ಡವ್ವನ ಸುಪರ್ದಿ. ದಪ್ಪನೆಯ ಕಲ್ಲಿನ ಗೋಡೆ, ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಬೇವಿನ ಸೊಪ್ಪು ಹರಡಿ ಅದರ ಮೇಲೆ ಮಣ್ಣು. ಅದು ಊರಾಚೆಯ ಹಾಳುಬಿದ್ದ ಜಾಗದಿಂದ ಅಗೆದು ತರುವ, ನೀರನ್ನು ಕೆಳಗಿಳಿಯಬಿಡದ ಬೂದುಬಣ್ಣದ ಹಾಳುಮಣ್ಣು. ಪ್ರತಿ ವರ್ಷ ಮಿರಗದ, ಅಂದರೆ ಮೃಗಶಿರಾ ಮಳೆಗೆ ಮುಂಚೆ ಹಳೆಯದರ ಮೇಲೆ ಹೊಸ ಪದರು ಬೀಳಬೇಕು. ಹಳೆಯದನ್ನು ಯಾರೂ ತೆಗೆಯುತ್ತಿರಲಿಲ್ಲ. ಮಣ್ಣು ದಪ್ಪವಿದ್ದಷ್ಟೂ ಬೇಸಿಗೆಯಲ್ಲಿ ತಂಪು, ಮಳೆಗಾಲದಲ್ಲಿ ಧೈರ್ಯ.

ದೊಡ್ಡವ್ವನ ಮಾಳಿಗೆ ಸೋರಿದ್ದನ್ನು ಓಣಿಯಲ್ಲಿ ಯಾರೂ ನೋಡಿರಲಿಲ್ಲ. ಎದುರುಮನೆಯಲ್ಲಿ ನಿವೃತ್ತ ಮಾಸ್ತರರಿದ್ದರು. ಅವರ ಮನೆ ಪ್ರತಿ ವರ್ಷ ಸೋರುತ್ತಿತ್ತು. ಮಳೆ ಹಿಡಿದ ದಿನ ದೊಡ್ಡವ್ವ ಹೊಸ್ತಿಲಲ್ಲಿ ನಿಂತು ಕೂಗುವಳು:

“ಮಾಸ್ತರ, ಮಳಿ ನಿಮ್ಮ ಮನ್ಯಾಗ ಪಾಠ ಕಲಿಯಾಕ ಬಂದೈತೇನ್ರೀ?”

“ಬಂದೈತ್ರೀ ಅಕ್ಕಾರ. ನಿಮ್ಮಲ್ಲಿ ಸೇರಿಸಿಕೊಳ್ಳಾಂಗಿಲ್ಲಂತ, ಅದಕ ಇಲ್ಲಿ ಬಂದೈತಿ,” ಎಂದು ಮಾಸ್ತರರು ಪಾತ್ರೆ ಜೋಡಿಸುತ್ತಲೇ ಉತ್ತರ ಕೊಡುವರು.

ನಾನು ಸೊಲ್ಲಾಪುರದಲ್ಲಿದ್ದೆ. ನವಿ ಪೇಠಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ನಗರ ರಚನೆಗೆ ಸಂಬಂಧಿಸಿದ ಒಂದು ಕಚೇರಿಯಲ್ಲಿ ಟ್ರೇಸರ್ ಕೆಲಸ. ಇಂಜಿನಿಯರರು ಪೆನ್ಸಿಲಿನಲ್ಲಿ ಮಾಡಿದ ನಕಾಶೆಯ ಮೇಲೆ ಪಾರದರ್ಶಕ ಹಾಳೆ ಹಾಸಿ ಮಸಿಯಿಂದ ಗೆರೆ ತೆಗೆಯುವುದು. ಗೆರೆ ನನ್ನದು, ನಕಾಶೆ ಇನ್ನೊಬ್ಬರದು. ಹನ್ನೊಂದು ವರ್ಷ ಹಾಗೆಯೇ ಕಳೆದಿತ್ತು.

ತೊಂಬತ್ತಮೂರರ ಗಣಪತಿ ಕಳಿಸಿದ ಮರುದಿನ ನಸುಕಿನಲ್ಲಿ, ನಮ್ಮ ಮನೆಯ ಹಲಗೆಯ ಮೇಲಿನ ತಾಟುಗಳು ಒಂದಕ್ಕೊಂದು ಬಡಿಯುತ್ತಿದ್ದ ಸದ್ದಿಗೆ ನಾನು ಎದ್ದೆ. ಮೊದಲು ಬೆಕ್ಕು ಅಂದುಕೊಂಡೆ. ಆಮೇಲೆ ಮಂಚ ಸರಿಯಿತು. ಕಚೇರಿಗೆ ಹೋದಾಗ ಹೋಟಗಿಯಿಂದ ರೈಲಿಗೆ ಬರುವ ಗುಮಾಸ್ತರೊಬ್ಬರು ಭೂಕಂಪ ಎಂದು ಕಿಲ್ಲಾರಿಯ ಹೆಸರು ಹೇಳಿದರು. ಊರಿಗೆ ಊರೇ ಮಲಗಿದೆ ಎಂದರು. ಮಲಗಿದೆ ಎನ್ನುವ ಮಾತು ಅವರ ಬಾಯಿಂದ ಬಂದ ರೀತಿ ಇವತ್ತಿಗೂ ನೆನಪಿದೆ. ಮಧ್ಯಾಹ್ನದ ಬಸ್ಸಿಗೆ ಅಕ್ಕಲಕೋಟೆಗೆ ಹೋದೆ. ಓಣಿಯ ಹನ್ನೊಂದು ಮನೆಗಳೂ ನಿಂತಿದ್ದವು, ಜನರೆಲ್ಲ ಇದ್ದರು. ದೊಡ್ಡವ್ವನ ಸೊಸೆ, ಐದು ತಿಂಗಳ ಬಸುರಿ, ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಒಳಗೆ ಹೋಗು ಎಂದರೆ ಹೋಗಲೊಲ್ಲಳು.

ಮಾಳಿಗೆ ಹತ್ತಿ ನೋಡಿದೆವು. ಮಣ್ಣು ಸೀಳಿತ್ತು. ಮಾಳಿಗೆಯ ನಡುವಿನ ಬೆಳಕಿಂಡಿಯಿಂದ ಹಿಂಗೋಡೆಯವರೆಗೆ ಕೈಬೆರಳು ಇಳಿಯುವಷ್ಟು ಅಗಲದ ಬಿರುಕು. ಆಕಾಶ ಕಪ್ಪಾಗಿತ್ತು, ಹಿಂಗಾರಿನ ಮಳೆ ಇನ್ನೂ ಬಾಕಿಯಿತ್ತು.

“ನೀರು ಇಳದ್ರ ಗ್ವಾಡಿ ಕುಸೀತಾವ. ಬುಟ್ಟಿ ತಗೊಂಬಾ,” ಅಂದಳು ದೊಡ್ಡವ್ವ.

ನಾನು ನಾಲ್ಕು ದಿನ ರಜೆ ಹಾಕಿದೆ. ಗಾಡಿಯಲ್ಲಿ ಮಣ್ಣು ಬಂತು. ಓಣಿಯ ಪ್ರತಿಯೊಂದು ಮಾಳಿಗೆಯ ಮೇಲೂ ಹೆಂಗಸರು ಗಂಡಸರು ಸಾಲಾಗಿ ನಿಂತು ಬುಟ್ಟಿ ದಾಟಿಸಿದೆವು. ಬಿರುಕು ತುಂಬಿ, ಮೇಲೆ ಒಂದು ಪದರು ಎಳೆದು, ಹಲಗೆಯಿಂದ ಬಡಿದು ಗಟ್ಟಿ ಮಾಡಿದೆವು. ಮಳೆ ಬಂತು, ಒಂದು ಹನಿಯೂ ಇಳಿಯಲಿಲ್ಲ. ಮಾಸ್ತರರ ಮನೆ ಕೂಡ ಆ ಸಲ ಸೋರಲಿಲ್ಲ. ಅಂಗೈಯ ಬೊಬ್ಬೆ ನೋಡಿಕೊಳ್ಳುತ್ತ ಸೊಲ್ಲಾಪುರಕ್ಕೆ ಮರಳಿದಾಗ, ನಿಜ ಹೇಳುತ್ತೇನೆ, ನನಗೆ ಬಹಳ ಸಂತೋಷವಾಗಿತ್ತು.

ಚಳಿಗಾಲ ಶುರುವಾಗುವ ಹೊತ್ತಿಗೆ ನನ್ನ ಮೇಜಿಗೆ ಕಿಲ್ಲಾರಿ ಕಡೆ ಹೋಗಿ ಬಂದ ಇಂಜಿನಿಯರರೊಬ್ಬರ ಕೈನಕಾಶೆಗಳು ಬಂದವು. ಬಿದ್ದ ಮನೆಯನ್ನು ನಡುವೆ ಕೊಯ್ದು ತೋರಿಸಿದಂಥ ಚಿತ್ರ. ಗೋಡೆಗೆ ಒಳಮೈ ಒಂದು, ಹೊರಮೈ ಒಂದು. ಎರಡನ್ನೂ ಹಿಡಿಯುವ ಉದ್ದ ಕಲ್ಲಿಲ್ಲ. ನಡುವೆ ಬರೀ ಚೂರುಗಲ್ಲು, ಮಣ್ಣು. ಮೇಲೆ ತೊಲೆ, ಜಂತಿ, ಹಲಗೆ. ಹಲಗೆಯ ಮೇಲೆ ಮಣ್ಣಿನ ಪಟ್ಟಿಯನ್ನು ಚುಕ್ಕಿ ಹಾಕಿ ತುಂಬಬೇಕಿತ್ತು. ಚುಕ್ಕಿ ಹಾಕುತ್ತ ಹಾಕುತ್ತ ನನಗೆ ಅದು ದೊಡ್ಡವ್ವನ ಮನೆ ಅನ್ನಿಸಿತು. ಪೆನ್ನು ನಿಂತಲ್ಲೇ ಮಸಿ ಹರಡಿತು. ಬ್ಲೇಡಿನಿಂದ ಕೆರೆದು ತೆಗೆದೆ. ಮತ್ತೆ ಹರಡಿತು.

ಹಾಳೆ ಎತ್ತಿಕೊಂಡು ಸಾಹೇಬರ ಬಳಿ ಹೋದೆ. ಅವರೂ ನಮ್ಮ ಕಡೆಯವರೇ, ನಾವಿಬ್ಬರೇ ಇದ್ದಾಗ ಕನ್ನಡ ಮಾತಾಡುವರು.

“ಸಾಹೇಬ್ರ, ಇಷ್ಟು ಮಣ್ಣು ಇದ್ರ ಏನಾಗ್ತೈತ್ರಿ?”

ಅವರು ಚಷ್ಮಾ ತೆಗೆದು, ಚುಕ್ಕಿ ತುಂಬಿದ ಪಟ್ಟಿಯ ಮೇಲೆ ಬೆರಳಿಟ್ಟರು. “ನೋಡವ್ವಾ, ಬರೇ ಗ್ವಾಡಿ ಬಿದ್ರ ಒಳಗಿದ್ದಾವ ಎದ್ದು ಬಂದಾನು. ಇದು ಬಿದ್ರ ಏಳಾಂಗಿಲ್ಲ.”

ಮಣ್ಣು ಒಂದು ಗೇಣಿಗಿಂತ ಹೆಚ್ಚಿರಬಾರದು, ಕೆಳಗೆ ನೀರು ಇಳಿಯದಂತೆ ತಾಡಪತ್ರಿ ಹಾಸಿದರೆ ಅಷ್ಟೇ ಮಣ್ಣು ಸಾಕು, ಗೋಡೆಗೆ ತೂತು ಕೊರೆದು ಎರಡೂ ಮೈ ಹಿಡಿಯುವಂತೆ ಕಬ್ಬಿಣದ ಸಳಿ ಹಾಕಿ ಸಿಮೆಂಟು ತುಂಬಬೇಕು ಎಂದರು. “ಒಬ್ಬರು ಮಾಡಿದ್ರ ಆಗೂದಿಲ್ಲ. ನಿಮ್ಮ ಓಣ್ಯಾಗ ಗ್ವಾಡಿ ಎಲ್ಲಾ ಪಾಲಿನವು. ಆಜೂಬಾಜೂದವರದೂ ಇಳೀಬೇಕು.”

ಸಂಕ್ರಾಂತಿಗೆ ಹೋದಾಗ ಅಳತೆ ಪಟ್ಟಿ ಒಯ್ದೆ. ಬೆಳಕಿಂಡಿಯ ಅಂಚಿನಲ್ಲಿ ಮಣ್ಣು ಕತ್ತರಿಸಿದಂತೆ ಕಾಣುತ್ತದೆ; ಪದರಿನ ಮೇಲೆ ಪದರು. ಎಲ್ಲಕ್ಕೂ ಮೇಲೆ, ಇನ್ನೂ ಬಣ್ಣ ಮಾಸದ ನಮ್ಮ ಮೂರು ಇಂಚು. ಕೆಳಗಿಳಿದು ದೊಡ್ಡವ್ವನಿಗೆ ಹೇಳಿದೆ. ಅವಳು ಎಳ್ಳು ಹುರಿಯುವುದನ್ನು ನಿಲ್ಲಿಸಲಿಲ್ಲ.

“ಮೂವತ್ತು ವರ್ಸ ಆತು ನಾ ಈ ಮನಿಗಿ ಬಂದು. ಒಂದು ಹನಿ ಬಿದ್ದಿಲ್ಲ. ಈಗ ನೀ ಪಟ್ಟಿ ಹಿಡ್ಕೊಂಡ ಬಂದು ಮಣ್ಣು ತೆಗಿ ಅಂತಿ.”

“ನಾನೂ ಹೊತ್ತೀನಿ ದೊಡ್ಡವ್ವಾ. ತಪ್ಪು ನಂದೂ ಐತಿ.”

“ತಪ್ಪಂತ! ಅವತ್ತು ಹಾಕಲಿಲ್ಲಂದ್ರ ನೆಂದು ಬೀಳ್ತಿತ್ತು.”

ಅದೂ ಸುಳ್ಳಲ್ಲ. ನಾನು ತಲೆಯೆತ್ತಿ ನಡುಮನೆಯ ತೊಲೆ ನೋಡಿದೆ. ತೊಟ್ಟಿಲು ತೂಗುಹಾಕುವ ಎರಡು ಕಬ್ಬಿಣದ ಬಳೆಗಳು ಅಲ್ಲಿದ್ದವು. ಸೊಸೆ ಹೆರಿಗೆಗೆ ತವರಿಗೆ ಹೋಗಿದ್ದಳು. ಹುಟ್ಟುವ ಕೂಸಿಗೆ ನಾಲ್ಕು ತಿಂಗಳಾದ ಮೇಲೆ, ಅಂದರೆ ಮಿರಗದ ಹೊತ್ತಿಗೆ, ಬರುವವಳಿದ್ದಳು. ದೊಡ್ಡವ್ವ ನನ್ನ ಕಣ್ಣು ಹೋದ ಕಡೆ ನೋಡಿದಳು, ಮತ್ತೆ ಎಳ್ಳಿನ ಕಡೆ ತಿರುಗಿದಳು. ಎಳ್ಳು ಸೀದಿತ್ತು.

ಸೊಲ್ಲಾಪುರಕ್ಕೆ ಬಂದು ಮೊದಲ ಬಾರಿಗೆ ನನ್ನದೇ ಒಂದು ನಕಾಶೆ ಮಾಡಿದೆ. ಇಂಚಿಗೆ ಎಂಟು ಫೂಟಿನಂತೆ ಇಡೀ ಓಣಿ. ಎರಡು ಭಾನುವಾರ ಅಳತೆಗೇ ಹೋದವು. ಓಣಿಯ ಅತಿ ಇಕ್ಕಟ್ಟಿನ ಜಾಗ, ದೊಡ್ಡವ್ವನ ಮನೆಯೆದುರು, ಐದು ಫೂಟು ಎರಡು ಇಂಚು. ಗೋಡೆಗಳ ಎತ್ತರ ಹದಿನಾಲ್ಕು ಫೂಟು. ಪ್ರತಿ ಮನೆಯ ಮುಂಗೋಡೆಯನ್ನು ಅದೇ ಅಳತೆಗೆ ಕಾಗದದಲ್ಲಿ ಕತ್ತರಿಸಿ, ಬುಡವನ್ನಷ್ಟೇ ಗೋಂದಿನಿಂದ ಅಂಟಿಸಿ ನೆಟ್ಟಗೆ ನಿಲ್ಲಿಸಿದೆ.

ಫೆಬ್ರುವರಿಯ ಒಂದು ಸಂಜೆ ದೊಡ್ಡವ್ವನ ಪಡಸಾಲೆಯಲ್ಲಿ ಹಾಳೆ ಬಿಚ್ಚಿದೆ. ಮಾಸ್ತರರು ಬಂದಿದ್ದರು, ಉಳಿದ ಮನೆಯವರೂ ಬಂದಿದ್ದರು. ಎಲ್ಲರೂ ಮೊದಲು ತಮ್ಮತಮ್ಮ ಮನೆ ಹುಡುಕಿ ನಕ್ಕರು.

“ನಮ್ಮ ಮನಿ ಇದರಾಗೂ ಸೋರ್ತೈತೇನವಾ?” ಎಂದರು ಮಾಸ್ತರರು.

ನಾನು ಒಂದೊಂದೇ ಕಾಗದದ ಗೋಡೆಯನ್ನು ಬೆರಳಿಂದ ಓಣಿಯ ಕಡೆ ಮಡಚುತ್ತ ಹೋದೆ. ಆ ಕಡೆಯದು ಈ ಮನೆಯ ಹೊಸ್ತಿಲು ದಾಟಿ ಬಿತ್ತು, ಈ ಕಡೆಯದು ಅದರ ಮೇಲೆ. ಹನ್ನೊಂದು ಮಡಚಿದ ಮೇಲೆ ಓಣಿಯೇ ಉಳಿಯಲಿಲ್ಲ. ಬಾಗಿಲು ತೆರೆದು ಹೊರಗೆ ಓಡಿದವರು ಎಲ್ಲಿ ಸಿಗುತ್ತಾರೆಂದು ಯಾರಿಗೂ ಹೇಳಬೇಕಾಗಲಿಲ್ಲ.

ದೊಡ್ಡವ್ವ ಕೇಳಿದಳು: “ಹಂಗಾರ ನಿಂದ್ರೂದೆಲ್ಲಿ?”

ಹಾಳೆಯ ತುದಿಯಲ್ಲಿ ಬಿಳಿಯ ಚೌಕವೊಂದೇ ಮುಚ್ಚದೆ ಉಳಿದಿತ್ತು. ಎಂದೋ ಬಿದ್ದುಹೋದ ಮನೆಯ ತಗ್ಗು. ಕಸ ಹಾಕುವ ಜಾಗ. ಅದು ದೊಡ್ಡವ್ವನದೇ. ಅಲ್ಲಿ ಮಗನಿಗೆ ಎರಡು ಅಂಗಡಿ ಎಬ್ಬಿಸಬೇಕೆಂದು ಕಲ್ಲು ಕೂಡ ತರಿಸಿಟ್ಟಿದ್ದಳು. ನಾನು ಬೆರಳಿಟ್ಟು ತೋರಿಸಲಿಲ್ಲ. ಅವಳೇ ಇಟ್ಟಳು.

“ಇಲ್ಲಿ. ಇಲ್ಲೇ ನಿಂದ್ರೂದು. ಅಂಗಡಿ ಆಚಿ ರಸ್ತಾಕ್ಕ ಬಾಡಿಗಿ ಹಿಡಿದ್ರಾತು.” ಆಮೇಲೆ ಎಲ್ಲರ ಕಡೆ ತಿರುಗಿ, “ಆದ್ರ ತಗ್ಗಿನ್ಯಾಗ ಹ್ಯಾಂಗ ನಿಂದ್ರತೀರಿ? ತುಂಬಬೇಕಲ್ಲ. ಮಣ್ಣು ನಮ್ಮ ತಲಿಮ್ಯಾಗ ಐತಿ. ತಗೀರಿ,” ಅಂದಳು.

ಯಾವ ಕಚೇರಿಯ ಹಾಳೆಯಲ್ಲೂ ಆ ಉಪಾಯ ಇರಲಿಲ್ಲ. ನನ್ನ ನಕಾಶೆಯಲ್ಲೂ ಇರಲಿಲ್ಲ.

ಬೇಸಿಗೆಯಿಡೀ ಮಣ್ಣು ಇಳಿಯಿತು. ಗೌಂಡಿ ಮಾಮಾ ಎಂದು ಎಲ್ಲರೂ ಕರೆಯುತ್ತಿದ್ದ ಮುದಿ ಗೌಂಡಿಯೊಬ್ಬರು ಗೋಡೆಗೆ ತೂತು ಕೊರೆದು ಸಳಿ ಕೂರಿಸಿದರು. ಮೊದಮೊದಲು ಅವರಿಗೂ ಮನಸ್ಸಿರಲಿಲ್ಲ. ನಮ್ಮಪ್ಪ ಕಟ್ಟಿದ ಗೋಡೆಗೆ ನಾನೇ ತೂತು ಹಾಕಬೇಕೇ ಎಂದು ಒಂದು ದಿನ ಸಿಟ್ಟಾಗಿ ಎದ್ದು ಹೋಗಿದ್ದರು. ಮರುದಿನ ತಾವೇ ಬಂದು, ಎಲ್ಲೆಲ್ಲಿ ಕೊರೆಯಬೇಕೆಂದು ಸುಣ್ಣದ ಗುರುತು ಹಾಕಿದರು. ಅವರು ಕೊರೆದ ಮೊದಲ ತೂತಿನಿಂದ ಚೂರುಗಲ್ಲು ತಾನಾಗಿಯೇ ಸುರಿಯಿತು. ನಾನು ಮಸಿಯಲ್ಲಿ ಬರೆದಿದ್ದ ಗೋಡೆಯೇ ಅದು.

ಒಂದು ಗೇಣು ಎಂದರೆ ಯಾರ ಗೇಣು ಎಂಬ ಜಗಳ ಬಂತು. ಕೆಲವರು ನಾಲ್ಕೈದು ಬುಟ್ಟಿ ಕದ್ದು ಉಳಿಸಿಕೊಳ್ಳಲು ನೋಡಿದರು, ಮಳೆಯ ಹೆದರಿಕೆ. ನಾನು ಪಟ್ಟಿ ತೆಗೆದರೆ ದೊಡ್ಡವ್ವ ಬೇಡವೆಂದಳು. ಸೀರೆಯ ನೆರಿಗೆ ಸಿಕ್ಕಿಸಿ, ಏಣಿ ಹತ್ತಿ, ಮಾಳಿಗೆಯಿಂದ ಮಾಳಿಗೆಗೆ ನಡೆದು, ಪ್ರತಿ ಮನೆಯ ಬೆಳಕಿಂಡಿಯ ಅಂಚಿನಲ್ಲಿ ಹೆಬ್ಬೆರಳನ್ನು ಹಲಗೆಗೆ ಊರಿ ತನ್ನ ಗೇಣು ಚಾಚಿಟ್ಟಳು. ಕಿರುಬೆರಳ ತುದಿಗಿಂತ ಮಣ್ಣು ಮೇಲಿದ್ದರೆ ಕೆಳಗೆ ಕೂಗುವಳು:

“ಏ, ಇನ್ನಾ ಎರಡ ಬಟ್ಟು ಐತಿ. ನನ್ನ ಕೈ ಕುರುಡಲ್ಲ, ಇಳಸ್ರಿ!”

ಗೌಂಡಿ ಮಾಮಾ ನಗುತ್ತ ನನಗೆ, “ನಿಮ್ಮ ಪಟ್ಟಿ ತಪ್ಪೀತು, ಈ ಕೈ ತಪ್ಪಾಂಗಿಲ್ಲ ಬಿಡ್ರಿ,” ಎಂದರು. ಅವಳು ನೋಡದಿದ್ದಾಗ ನಾನು ಪಟ್ಟಿ ಇಟ್ಟು ಪರೀಕ್ಷಿಸಿದೆ. ಎಲ್ಲ ಕಡೆ ಎಂಟು ಇಂಚು, ಒಂದೆರಡು ಕಡೆ ಎಂಟೂ ಕಾಲು.

ಇಳಿದ ಮಣ್ಣು ತಗ್ಗನ್ನು ತುಂಬಿ ಓಣಿಯ ಮಟ್ಟಕ್ಕೆ ಬಂತು. ನೀರು ಹೊಡೆದು ಬಡಿದರು. ಮಾಸ್ತರರು ಅಲ್ಲಿ ಒಂದು ಬೇವಿನ ಸಸಿ ನೆಟ್ಟರು.

ಮಿರಗ ಕೂಡಿದ ಮೂರನೆಯ ದಿನ ಸೊಲ್ಲಾಪುರದಲ್ಲಿ ಮಧ್ಯಾಹ್ನವೇ ಮಳೆ ಹಿಡಿಯಿತು. ಮೇಜಿನ ಮುಂದೆ ಕೂತರೂ ಗೆರೆ ನೆಟ್ಟಗೆ ಬರಲಿಲ್ಲ. ಆ ಮಣ್ಣು ಇಳಿಸಿ ಎಂದವಳು ನಾನು. ಸೋರಿದರೆ ಓಣಿಯವರೆಲ್ಲ ಮತ್ತೆ ಬುಟ್ಟಿ ಹಿಡಿಯುತ್ತಾರೆ, ಮತ್ತೆ ಪದರಿನ ಮೇಲೆ ಪದರು ಏರುತ್ತದೆ. ರಜೆ ಕೇಳಿ ಬಸ್ಸು ಹತ್ತಿದೆ.

ದೊಡ್ಡವ್ವ ಹೊಸ್ತಿಲಲ್ಲೇ ನಿಂತಿದ್ದಳು.

“ಬಂದಿ? ಸೋರ್ತೈತೋ ಇಲ್ಲೋ ನೋಡಾಕ ಬಂದಿ, ಹೌದಿಲ್ಲೋ?”

ನಡುಮನೆಯಲ್ಲಿ ತೊಟ್ಟಿಲಿತ್ತು. ಸೊಸೆ ಹಿಂದಿನ ವಾರವೇ ಬಂದಿದ್ದಳು, ಕೂಸು ನಿದ್ದೆಯಲ್ಲಿತ್ತು. ತೊಟ್ಟಿಲಿನಿಂದ ನಾಲ್ಕು ಮೊಳ ಆಚೆ, ಬೆಳಕಿಂಡಿಯ ಕೆಳಗೆ, ಹಿತ್ತಾಳೆಯ ತಂಬಿಗೆ. ಟಣ್. ಸ್ವಲ್ಪ ಬಿಟ್ಟು ಮತ್ತೆ ಟಣ್. ತಾಡಪತ್ರಿಯ ಅಂಚು ಅಲ್ಲಿ ಸರಿಯಾಗಿ ಮಡಚಿರಲಿಲ್ಲ. ಮೂವತ್ತು ವರ್ಷದಲ್ಲಿ ಆ ಮನೆಯೊಳಗೆ ಬಿದ್ದ ಮೊದಲ ನೀರು. ನಾನು ಬಾಯಿ ತೆರೆಯುವ ಮೊದಲೇ ಎದುರುಮನೆಯಿಂದ ದನಿ ಬಂತು. ಮಾಸ್ತರರು ಇದಕ್ಕಾಗಿ ಎಷ್ಟು ಮಳೆಗಾಲ ಕಾದಿದ್ದರೋ.

“ಅಕ್ಕಾರ! ತಂಬಗಿ ಸಪ್ಪಳ ಕೇಳಾಕತ್ತೈತಿ. ಮಳಿ ಈ ವರ್ಸ ನಿಮ್ಮ ಸಾಲಿಗಿ ಹೆಸರು ಹಚ್ಚೈತೇನ್ರೀ?”

ದೊಡ್ಡವ್ವ ಸೆರಗು ಸರಿಮಾಡಿಕೊಂಡು, ಇಡೀ ಓಣಿಗೆ ಕೇಳುವಂತೆ ಕೂಗಿದಳು:

“ಹೂಂನ್ರೀ ಮಾಸ್ತರ! ಒಂದ ಹನಿಗಿ ಒಳಗ ಬಿಟ್ಟೀನಿ. ಮಣ್ಣು ಮಾತ್ರ ಒಂದ ಗೇಣ ಐತಿ, ಬೇಕಂದ್ರ ಹತ್ತಿ ನೋಡ್ರಿ!”

ಆಮೇಲೆ ಒಳಗೆ ಬಂದು, ತುಂಬಿದ ತಂಬಿಗೆಯನ್ನು ಎತ್ತಿ ಇನ್ನೊಂದನ್ನು ಇಟ್ಟಳು. ತುಂಬಿದ್ದನ್ನು ಚೆಲ್ಲಲಿಲ್ಲ. ಮಳೆ ನಿಂತ ಮೇಲೆ ಅದನ್ನು ಹಿಡಿದುಕೊಂಡು ಓಣಿಯ ತುದಿಗೆ ನಡೆದು, ಬೇವಿನ ಸಸಿಯ ಬುಡಕ್ಕೆ ಹೊಯ್ದಳು.