ಜೂನ್ ಒಂದರಂದು ಹುಟ್ಟಿದವರು

ಹೊಸ ವಿಮಾ ಕಂಪನಿಯ ವೈದ್ಯೆ ಪಲ್ಲವಿ ಫೋನಿನಲ್ಲಿ ಹದಿನೇಳು ಪ್ರಶ್ನೆ ಕೇಳಿದರು. ಹದಿನಾರಕ್ಕೆ ನಜಮುನ್ನಿಸಾ ತಡವರಿಸದೆ ಉತ್ತರ ಕೊಟ್ಟರು. ಸಕ್ಕರೆ ಕಾಯಿಲೆ ಒಂಬತ್ತು ವರ್ಷದಿಂದ ಇದೆ, ದಿನಕ್ಕೆ ಎರಡು ಗುಳಿಗೆ, ಮಂಡಿ ಎರಡೂ ಸವೆದಿವೆ, ಹೃದಯದ ತೊಂದರೆ ಇಲ್ಲ. ಕೊನೆಯದು ವಯಸ್ಸಿನ ಪ್ರಶ್ನೆ.

“ಕಾಗದದ ಪ್ರಕಾರ ಅರವತ್ತೈದ್ರಿ. ಖರೇ ಅಂದ್ರ ಅರವತ್ತೇಳು ಇರಬೇಕು.”

ಆ ಕಡೆ ಟೈಪ್ ಮಾಡುವ ಸದ್ದು ನಿಂತಿತು. “ಯಾವುದು ಬರೆಯಲಿ ಮೇಡಂ?”

“ಎರಡೂ ಬರೀರಿ.”

ಮರುದಿನ, ಜನವರಿ ಒಂಬತ್ತರಂದು, ಸಂದೇಶ ಬಂತು: ವಯಸ್ಸಿನ ವಿವರ ಹೊಂದುತ್ತಿಲ್ಲ, ವಿವರಣೆ ಬರುವವರೆಗೆ ಅರ್ಜಿ ತಡೆಹಿಡಿಯಲಾಗಿದೆ.

ಆಳಂದದ ನಜಮುನ್ನಿಸಾ ನಿವೃತ್ತ ನರ್ಸ್. ನೌಕರಿಯ ಹೆಚ್ಚಿನ ವರ್ಷಗಳನ್ನು ಅಫಜಲಪುರ ತಾಲ್ಲೂಕಿನ ಅತನೂರಿನಲ್ಲೇ ಕಳೆದವರು. ಅವರಿಗೆ ಎರಡು ವಿಮೆಗಳಿದ್ದವು. ಒಂದು, ಪಿಂಚಣಿ ಬರುವ ಬ್ಯಾಂಕಿನ ಮೂಲಕ ಮಾಡಿಸಿದ ಚಿಕ್ಕ ಮೂಲ ವಿಮೆ. ಆಸ್ಪತ್ರೆ ಖರ್ಚು ಅದರ ಮಿತಿ ದಾಟಿದರೆ ಮೇಲಿನದನ್ನು ಹೊರಲು ನಾಲ್ಕು ವರ್ಷದ ಹಿಂದೆ ಮಾಡಿಸಿದ ಪೂರಕ ವಿಮೆ ಇನ್ನೊಂದು. ಸೊಲ್ಲಾಪುರದ ವೈದ್ಯರು ಫೆಬ್ರವರಿಯಲ್ಲಿ ಮಂಡಿ ಬದಲಿಸೋಣ ಎಂದಿದ್ದರು. ಆ ಆಸ್ಪತ್ರೆ ಹಳೆಯ ಪೂರಕ ಕಂಪನಿಯ ಪಟ್ಟಿಯಲ್ಲಿರಲಿಲ್ಲ, ಹೊಸ ಕಂಪನಿಯ ಪಟ್ಟಿಯಲ್ಲಿತ್ತು. ಹಳೆಯ ಪಾಲಿಸಿ ಜನವರಿ ಇಪ್ಪತ್ತೆಂಟಕ್ಕೆ ಮುಗಿಯುತ್ತಿತ್ತು. ಅದರೊಳಗೆ ಆ ಪೂರಕ ವಿಮೆಯನ್ನು ತಮ್ಮಲ್ಲಿಗೆ ವರ್ಗಾಯಿಸಿಕೊಳ್ಳಲು ಹೊಸಬರು ಒಪ್ಪಿದರೆ, ಮಂಡಿಯ ಖರ್ಚು ಕೊಡುವ ಮೊದಲು ಕಂಪನಿ ಕಾಯಿಸುವ ಅವಧಿಗೆ ಹಳೆಯ ಪಾಲಿಸಿಯ ವರ್ಷಗಳೂ ಲೆಕ್ಕಕ್ಕೆ ಬರುತ್ತಿದ್ದವು. ಇಲ್ಲವಾದರೆ ಹಳೆಯದರಲ್ಲೇ ಇನ್ನೊಂದು ವರ್ಷ ಕುಂಟಬೇಕು, ಅಥವಾ ಹೊಸ ಪಾಲಿಸಿ ಮಾಡಿಸಿ ಮೊದಲಿನಿಂದ ಮೂರು ವರ್ಷ ಕಾಯಬೇಕು.

ಏಜೆಂಟ್ ಬುರಾನುದ್ದೀನ ಸಂದೇಶ ಓದಿ ತಲೆಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಆಪಾ, ನನ್ನ ಹತ್ರ ಪಾಲಿಸಿ ಮಾಡಿಸಿದ ಹಿರೇರು ನೂರಾ ಹತ್ತು ಮಂದಿ ಅದಾರ. ಅದರಾಗ ಎಪ್ಪತ್ತು ಮಂದಿ ಜೂನ್ ಒಂದಕ್ಕ ಹುಟ್ಟ್ಯಾರ. ಅವತ್ತು ಮುಬಾರಕ್ ಅಂತ ಮೆಸೇಜ್ ಕಳಿಸಿ ಕಳಿಸಿ ನನ್ನ ಬೆರಳು ನೋಯತಾವ. ಯಾರರ ಬಾಯಿ ಬಿಟ್ಟಾರೇನು? ನೀವೊಬ್ರೇ ಬಿಟ್ರಿ.”

“ಕೇಳಿದ್ರು, ಹೇಳಿದೆ.”

“ಬಾಯಿ ತಪ್ಪಿ ಬಂತು ಅಂತ ಬರದು ಕೊಡ್ರಿ. ಮುಗೀತು.”

“ತಪ್ಪಿ ಬಂದಿಲ್ಲಪಾ. ಅಮ್ಮಾ ಸಾಯೂತನಾ ಹೇಳತಿದ್ಲು, ನೀ ಕಾಗದಕ್ಕಿಂತ ಎರಡು ವರ್ಷ ದೊಡ್ಡಾಕಿ ಅಂತ.”

“ಅಮ್ಮನ ಮಾತಿಗೆ ಕಂಪನಿ ಸಿಕ್ಕಾ ಹೊಡೀತದೇನು?”

ಅವನು ಹೋದ ಮೇಲೆ ನಜಮುನ್ನಿಸಾರನ್ನು ಕಾಡಿದ್ದು ಅರ್ಜಿಗಿಂತ ಹೆಚ್ಚಾಗಿ ಇನ್ನೊಂದು ವಿಷಯ. ಅತನೂರಿನಲ್ಲಿ ಅವರ ಕೈಯಲ್ಲಿ ಹುಟ್ಟಿದ ಪ್ರತಿ ಮಗುವಿನ ಹೊತ್ತನ್ನೂ ಅವರು ನಿಮಿಷದ ಸಮೇತ ಬರೆದಿಟ್ಟಿದ್ದರು. ತಮ್ಮ ಹುಟ್ಟಿದ ದಿನವನ್ನು ಮಾತ್ರ ಹುಟ್ಟೂರು ಮಣ್ಣೂರಿನ ಶಾಲೆಯ ಮಾಸ್ತರರು ಊಹಿಸಿ ಬರೆದಿದ್ದರು. ಶಾಲೆ ಜೂನ್‌ನಲ್ಲಿ ತೆರೆಯುತ್ತಿತ್ತು. ಹಾಗಾಗಿ ಬೆಂಚಿನ ಮೇಲಿದ್ದವರೆಲ್ಲ ಜೂನ್ ಒಂದರವರಾದರು. ತಡವಾಗಿ ಸೇರಿದ ಹುಡುಗಿಯ ವಯಸ್ಸು ಒಂದನೇ ತರಗತಿಗೆ ಹೊಂದಲೆಂದು ಎರಡು ವರ್ಷ ಕಳೆದು 1959 ಎಂದು ಬರೆದಿದ್ದರು. ಹಾಗಾದರೆ ನಿಜವಾದ ದಿನ ಯಾವುದು? ಇಷ್ಟು ವರ್ಷ ಅದನ್ನು ಹುಡುಕಬೇಕೆಂದು ಅನ್ನಿಸಿರಲೇ ಇಲ್ಲವಲ್ಲ ಎಂಬುದೇ ಅವರಿಗೆ ವಿಚಿತ್ರವಾಗಿ ಕಂಡಿತು.

ಹುಡುಕುವ ದಾರಿ ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಯ ಮುಟ್ಟಿನ ತಾರೀಖು ನೆನಪಿಲ್ಲದ ಬಸುರಿಯರನ್ನು ಅವರು ತಾರೀಖು ಕೇಳುತ್ತಲೇ ಇರಲಿಲ್ಲ. ಕಾರಹುಣ್ಣಿವೆಗೆ ಮೊದಲೋ ಆಮೇಲೋ, ತೊಗರಿ ಹೂ ಬಿಟ್ಟಿತ್ತೋ ಕಾಯಿ ಕಟ್ಟಿತ್ತೋ ಎಂದು ಕೇಳುತ್ತಾ ಹೋದರೆ ದಿನ ತಾನಾಗಿ ಹತ್ತಿರ ಬರುತ್ತಿತ್ತು.

ಭಾನುವಾರ ಬಸ್ಸು ಹಿಡಿದು, ಅಫಜಲಪುರದಲ್ಲಿ ಇನ್ನೊಂದು ಬಸ್ಸು ಹತ್ತಿ, ಮಂಡಿ ಒತ್ತಿಕೊಳ್ಳುತ್ತಾ ಮಣ್ಣೂರಿನಲ್ಲಿ ಇಳಿದರು. ಅಪ್ಪನ ತಂಗಿ ಪೀರಬಿಗೆ ಎಂಬತ್ತು ದಾಟಿತ್ತು. ಬಿಸಿಲಿಗೆ ಕೌದಿ ಹಾಸಿ ಕುಳಿತಿದ್ದಳು.

“ಫುಪ್ಪು, ನಾ ಹುಟ್ಟಿದಾಗ ಹಬ್ಬ ಯಾವುದಿತ್ತು?”

“ಯಾಕಬೇ ನಜ್ಜೂ, ಈಗ ಲಗ್ನ ಮಾಡ್ತಾರೇನು ನಿನಗ?”

“ಮಂಡಿ ಬದಲು ಮಾಡ್ತಾರ. ನೆನಪು ಮಾಡ್ಕೊ.”

ಪೀರಬಿ ಕಣ್ಣು ಕಿರಿದು ಮಾಡಿದಳು. “ಪೀರ ಕೂಡಿಸಿದ್ರು. ನಾ ಬೆಲ್ಲದ ಚೋಂಗೆ ರೊಟ್ಟಿ ಮಾಡಾಕತ್ತಿದ್ದೆ. ಬಾಜೂ ಮನಿ ಹುಡುಗ್ಯಾರು ಬೇವಿನ ಗಿಡಕ್ಕ ಜೋಕಾಲಿ ಕಟ್ಟಿದ್ರು. ಜೋಕಾಲಿ ಆಡಾಕ ಹೋಗಬೇಕಂದ್ರ ನಿಮ್ಮವ್ವಗ ಬ್ಯಾನಿ ಸುರು ಆತು. ನಿನ್ನಿಂದ ನನ್ನ ಜೋಕಾಲಿ ತಪ್ಪಿತು ನೋಡು.”

ನಜಮುನ್ನಿಸಾ ನೆಟ್ಟಗೆ ಕುಳಿತರು. ಜೋಕಾಲಿ ಎಂದರೆ ನಾಗರ ಪಂಚಮಿ. ಪೀರ ಕೂಡಿಸುವುದು ಮೊಹರಂಗೆ. ಪಂಚಮಿ ಶ್ರಾವಣ ಬಿಟ್ಟು ಕದಲುವುದಿಲ್ಲ. ಮೊಹರಂ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಎರಡೂ ಒಂದೇ ವಾರದಲ್ಲಿ ಬರುವುದು ಮೂವತ್ತು ಚಿಲ್ಲರೆ ವರ್ಷಕ್ಕೊಮ್ಮೆ, ಅದೂ ಅಕ್ಕಪಕ್ಕದ ಒಂದೆರಡು ವರ್ಷ ಮಾತ್ರ. ಫೋನಿನಲ್ಲಿ ಹಳೆಯ ಪಂಚಾಂಗ ತೆರೆದು ಹಿಂದಕ್ಕೆ ಹೋದರು. ಎರಡೇ ವರ್ಷ ಸಿಕ್ಕವು, 1956 ಮತ್ತು 1957.

“ಮತ್ತೇನರ ನೆನಪದ?”

“ಸೂಲಗಿತ್ತಿ ಜಗಳಾ ಮಾಡಿದ್ಲು. ನಿಮ್ಮಪ್ಪ ಹೊಸ ಪೈಸಾ ಕೊಟ್ಟ. ಇದು ಹುಡುಗರು ಆಡೂ ರೊಕ್ಕ, ನನಗ ಆಣೆ ಬೇಕು ಅಂತ ಕಟ್ಟಿ ಮ್ಯಾಲೆ ಒಗದ್ಲು.”

ಹೊಸ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಉಳಿದದ್ದು ಒಂದೇ ವರ್ಷ, ಒಂದೇ ವಾರ: ಜುಲೈ ಕೊನೆ, ಆಗಸ್ಟ್ ಮೊದಲು. ನಜಮುನ್ನಿಸಾ ಅದನ್ನು ಚೀಟಿಯ ಮೇಲೆ ಬರೆದು ಎರಡು ಸಲ ಓದಿಕೊಂಡರು. ಯಾರದೋ ಹೆರಿಗೆಯ ದಿನ ಹೇಳಿದಾಗ ಆಗುತ್ತಿದ್ದ ಹಗುರವೇ ಆಯಿತು.

ಮನೆಗೆ ಬಂದು ಕಂಪನಿಗೆ ಒಂದು ಪುಟದ ಪತ್ರ ಬರೆದರು. ಶಾಲಾ ದಾಖಲೆಯ ದಿನಾಂಕ ಇಂಥದ್ದು, ಕಾನೂನಿಗೆ ಅದೇ ನನ್ನ ವಯಸ್ಸು. ಮನೆಯವರ ನೆನಪಿನಿಂದ ಲೆಕ್ಕ ಹಾಕಿದರೆ 1957 ಬರುತ್ತದೆ, ಲೆಕ್ಕ ಹಾಕಿದ ರೀತಿ ಹೀಗೆ. ಇದಕ್ಕೆ ಕಾಗದದ ಪುರಾವೆ ಇಲ್ಲ. ಎರಡರಲ್ಲಿ ಯಾವುದನ್ನೂ ನಾನು ಮುಚ್ಚಿಟ್ಟಿಲ್ಲ.

ಬುರಾನುದ್ದೀನ ಓದಿ ನಿಟ್ಟುಸಿರು ಬಿಟ್ಟ. “ಜೋಕಾಲಿ, ಚೋಂಗೆ, ಸೂಲಗಿತ್ತಿ. ಆಪಾ, ಇದು ಅರ್ಜಿಯೋ ನಿಮ್ಮ ಖಾಂದಾನಿನ ಕಥಿಯೋ?”

“ಕಳಸು.”

ಎಂಟು ದಿನ ಏನೂ ಬರಲಿಲ್ಲ. ಅವನು ದಿನಾ ಬೆಳಿಗ್ಗೆ ಬಂದು ಚಹಾ ಕುಡಿದು, ಹಳೆಯ ಕಂಪನಿಯ ನವೀಕರಣದ ಫಾರಂ ಮೇಜಿನ ಮೇಲಿಟ್ಟು ಹೋಗುತ್ತಿದ್ದ. ನಜಮುನ್ನಿಸಾ ಅದನ್ನು ತುಂಬಿಯೇ ಇಟ್ಟರು, ಸಹಿ ಮಾಡಲಿಲ್ಲ.

ಇಪ್ಪತ್ತೈದರಂದು ಪಲ್ಲವಿಯ ಫೋನು ಬಂತು.

“ಮೇಡಂ, ನಮಗೆ ಶಾಲಾ ದಾಖಲೆಯ ವಯಸ್ಸೇ ಲೆಕ್ಕ. ಆದರೆ ನಿಮ್ಮ ಪತ್ರವನ್ನು ಫೈಲಿಗೆ ಸೇರಿಸಿದ್ದೇನೆ. ನಾಳೆ ಕ್ಲೇಮ್ ಮಾಡಿದಾಗ ವಯಸ್ಸು ಮುಚ್ಚಿಟ್ಟಿರಿ ಎಂದು ಯಾರೂ ತಕರಾರು ತೆಗೆಯಬಾರದು ನೋಡಿ. ಅರ್ಜಿ ಒಪ್ಪಿಗೆಯಾಗಿದೆ.” ಆಮೇಲೆ ಕೇಳಿದರು, “ಒಂದು ವಿಷಯ. ನಮ್ಮ ಅಜ್ಜಿಯದೂ ಜೂನ್ ಒಂದು. ಅವರಿಗೆ ಏನೇನು ಕೇಳಬೇಕು?”

“ಮೊದಲ ಹಬ್ಬ ಕೇಳ್ರಿ. ಆಮ್ಯಾಲೆ ಅವತ್ತು ಯಾರು ಯಾರ ಜೋಡಿ ಜಗಳಾ ಮಾಡಿದ್ರು ಕೇಳ್ರಿ. ಜಗಳಾ ಯಾರೂ ಮರಿಯಂಗಿಲ್ಲ.”

ಸಂಜೆ ಹೊಸ ಪಾಲಿಸಿ ಫೋನಿಗೆ ಬಂತು. ನಜಮುನ್ನಿಸಾ ಕನ್ನಡಕ ಹಾಕಿಕೊಂಡು ತಮ್ಮ ಜನ್ಮದಿನಾಂಕದ ಸಾಲನ್ನು ದಾಟಿ ಕೆಳಗಿಳಿದರು. ಮೊದಲ ಪಾಲಿಸಿ ಆರಂಭವಾದ ದಿನ: 29 ಜನವರಿ 2021. ಸರಿಯಾಗಿತ್ತು. ಮಂಡಿಯ ಕಾಯುವ ಅವಧಿ: ಪೂರ್ಣಗೊಂಡಿದೆ. ಇನ್ನೊಮ್ಮೆ ಓದಿ, ಸೊಲ್ಲಾಪುರದ ಆಸ್ಪತ್ರೆಗೆ ಫೋನು ಹಚ್ಚಿ, ಫೆಬ್ರವರಿಯಲ್ಲಿ ಯಾವ ದಿನ ಖಾಲಿ ಇದೆ ಎಂದು ಕೇಳಿದರು.