ಮುಂದ ನೋಡು

ಎಪ್ಪತ್ತರ ದಶಕದಲ್ಲಿ ನಾನು ಮದುವೆಯಾಗಿ ಸೊಲ್ಲಾಪುರಕ್ಕೆ ಬಂದಾಗ, ವಿಜಾಪುರ ರಸ್ತೆಯ ನಮ್ಮ ಪಕ್ಕದ ಮನೆಯಲ್ಲಿ ಬಟ್ಟೆ ವ್ಯಾಪಾರಿಯೊಬ್ಬರ ಹೆಂಡತಿ ಇದ್ದರು. ಬೇಸಗೆ ಕಾಲಿಡುತ್ತಲೇ ನಸುಕಿನಲ್ಲಿ ನನ್ನನ್ನು ಊರಾಚೆಯ ಬಯಲಿಗೆ ಕರೆದೊಯ್ಯುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಕ್ಕದ ಹೂವಿನ ಮುಂದೆ ಕುಕ್ಕರಗಾಲಲ್ಲಿ ಕೂತು, ದುಂಬಿಯತ್ತ ಬೆರಳು ಮಾಡುವರು. ನಾನು ಬಾಯಿ ತೆರೆದರೆ, "ಮಾತಾಡಬ್ಯಾಡವಾ, ಬರೇ ನೋಡು" ಎನ್ನುವರು.

ಒಂದು ಬೆಳಗ್ಗೆ ಊರಿಗೆ ಮರಳುವಾಗ ಅವರು ಹಿಂದೆ ತಿರುಗಿದವರೇ ಥಟ್ಟನೆ ನನ್ನ ಕೈ ಹಿಡಿದರು. ಅಂಗೈ ತಣ್ಣಗಿತ್ತು. ಆಮೇಲೆ ಮಾತೇ ಮಾತು, ಅದೂ ದೊಡ್ಡ ದನಿಯಲ್ಲಿ. "ಆ ಮುತ್ತಲ ಹೂ ನೋಡು, ಎಷ್ಟ ಕೆಂಪ ಅದ! ಮುಂದ ನೋಡು, ಮುಂದ!" ಎಲ್ಲಿಯೂ ಕೂರಲಿಲ್ಲ, ನಿಲ್ಲಲಿಲ್ಲ. ಅವರ ಮಾತು ಹೆಚ್ಚಿದಷ್ಟೂ ನಾನು ಅವರಿಗೆ ಅಂಟಿಕೊಂಡು ನಡೆದೆ. ಹಿಂದೆ ಒಣಹುಲ್ಲು ಸರಕ್ಕೆಂದಿತು. "ಆ ಹಳದಿ ಪಾತರಗಿತ್ತಿ ನೋಡು!" ಎಂದು ಅವರು ಇನ್ನೂ ಜೋರಾಗಿ ಕೂಗಿದರು.

ಊರಂಚಿನ ಮೊದಲ ಮನೆಯ ಕಟ್ಟೆ ಸಿಕ್ಕಾಗ ಕುಸಿದು ಕೂತರು.

"ಲಾಂಡಗಾ! ತೋಳ ಬೆನ್ನ ಹತ್ತಿತ್ತವಾ. ನೀ ನೋಡಿದ್ದರ ಓಡತಿದ್ದಿ. ಓಡಿದ್ದರ ಅದು ಬಿಡತಿದ್ದಿಲ್ಲ."

ಈಗಲೂ ಯಾರಾದರೂ ಹೂವು ತೋರಿಸಿದರೆ, ನಾನು ಮೊದಲು ಹಿಂದೆ ತಿರುಗಿ ನೋಡುತ್ತೇನೆ.